ಮೂರನೆಯ ಕೀಲು

ಆ ಊರಿನ ಮನೆಗಳಲ್ಲಿ ಬಡಗಿ ಮಾಡಿದ ಬಾಗಿಲುಗಳಿವೆ, ತಾವಾಗಿಯೇ ಹುಟ್ಟುವ ಬಾಗಿಲುಗಳೂ ಇವೆ. ಬಡಗಿಯ ಬಾಗಿಲಿನ ಸಮಾಚಾರವನ್ನು ಬಡಗಿಯನ್ನೇ ಕೇಳಿ. ಇದು ಇನ್ನೊಂದು ಬಗೆಯ ಬಾಗಿಲಿನ ಸಮಾಚಾರ.

ಯಾರ ದಿನಗಳು ತೀರುತ್ತ ಬಂದಿರುತ್ತವೋ ಅವರ ಕೋಣೆಯ ಗೋಡೆಯಲ್ಲಿ ಒಂದು ಬೆಳಗ್ಗೆ ಗೇಣುದ್ದದ ಬಾಗಿಲು ಮೂಡುತ್ತದೆ. ಚೌಕಟ್ಟು ಇರುತ್ತದೆ, ಹೊಸಿಲು ಇರುತ್ತದೆ, ಒಂದರ ಕೆಳಗೊಂದು ಮೂರು ಕೀಲುಗಳಿರುತ್ತವೆ. ಚಿಲಕ ಮಾತ್ರ ಇರುವುದಿಲ್ಲ. ಆಮೇಲೆ ಅದು ಬೆಳೆಯುತ್ತದೆ. ಕೆಲವರದು ವಾರದಲ್ಲಿ, ಕೆಲವರದು ವರ್ಷದಲ್ಲಿ. ಮೊಣಕಾಲಿಗೆ ಬರುತ್ತದೆ, ಸೊಂಟಕ್ಕೆ ಬರುತ್ತದೆ, ಎದೆಗೆ ಬರುತ್ತದೆ. ಆ ಕೋಣೆಯವರ ಎತ್ತರಕ್ಕೆ ಸರಿಯಾಗಿ ಬೆಳೆದ ದಿನ ತೆರೆದುಕೊಳ್ಳುತ್ತದೆ. ಅವರು ದಾಟುತ್ತಾರೆ. ಬಾಗಿಲು ಮುಚ್ಚುತ್ತದೆ, ಗೋಡೆ ಮತ್ತೆ ಗೋಡೆಯಾಗುತ್ತದೆ. ಬೆಳೆಯುವಾಗ ಬಾಗಿಲು ಕಿರುಗುಟ್ಟುತ್ತದೆ. ಗೋಡೆಯಲ್ಲಿ ಆ ಸದ್ದು ಕೇಳುವುದು ಸ್ವಲ್ಪವೇ. ಉಳಿದದ್ದೆಲ್ಲ ಮಲಗಿದವರ ಮೈಯೊಳಗೆ.

ಬಾಗಿಲಿನ ಕೆಲಸದವರು ಅಲ್ಲಿ ಎರಡು ಬಗೆ. ಗೇಣುದ್ದದ ಬಾಗಿಲು ಕಂಡ ಕೂಡಲೇ ಗಾರೆಯವರು ಓಡಿ ಬರುತ್ತಾರೆ. ಸುಣ್ಣ ಮರಳು ಕಲಸಿ ಮೆತ್ತುತ್ತಾರೆ. ಎಷ್ಟೋ ಸಲ ಬಾಗಿಲು ಮುಚ್ಚಿಹೋಗಿ, ಮಲಗಿದವರು ಎದ್ದು ಸಂತೆಗೆ ಹೋಗುತ್ತಾರೆ. ಅದಕ್ಕೇ ಗಾರೆಯವರನ್ನು ಕಂಡರೆ ಊರು ಎದ್ದು ನಿಲ್ಲುತ್ತದೆ. ಆದರೆ ಸೊಂಟ ದಾಟಿದ ಬಾಗಿಲಿಗೆ ಗಾರೆ ಹಿಡಿಯುವುದಿಲ್ಲ. ಸಂಜೆ ಮೆತ್ತಿದ್ದು ಬೆಳಗಾಗುವುದರೊಳಗೆ ಮಲಗಿದವರ ಹಾಸಿಗೆಯ ಮೇಲೆ ಉದುರಿರುತ್ತದೆ. ಅಲ್ಲಿಂದ ಮುಂದೆ ಕೀಲಿಗೆ ಎಣ್ಣೆ ಬಿಟ್ಟು ಸದ್ದು ನಿಲ್ಲಿಸುವ ಎಣ್ಣೆಯವರ ಕೆಲಸ.

ಎಣ್ಣೆಯವರಲ್ಲಿ ಹಿರಿಯಳು ಎಣ್ಣೆಯಮ್ಮ. ಗುಡ್ಡದಾಚೆಯ ಕಾಲೇಜಿಗೆ ಹೋಗಿ ಪದವಿ ಪಡೆದು ಬಂದ ಆ ಊರಿನ ಮೊದಲ ಹೆಣ್ಣು ಅವಳೇ. ಪದವಿಯ ಕಾಗದ ಎಣ್ಣೆಮನೆಯ ಹಜಾರದಲ್ಲಿ ಗಾಜಿನ ಕಟ್ಟಿನೊಳಗೆ, ಬಂದವರ ಕಣ್ಣಿಗೆ ಬೀಳದೆ ಇರಲಾರದ ಜಾಗದಲ್ಲಿ ತೂಗುತ್ತಿತ್ತು. ಇಬ್ಬರು ಮಕ್ಕಳನ್ನು, ನಾಲ್ವರು ಮೊಮ್ಮಕ್ಕಳನ್ನು, ಇಡೀ ಎಣ್ಣೆಮನೆಯನ್ನು ಅವಳು ಒಂದೇ ಹುಬ್ಬಿನಲ್ಲಿ ಆಳುತ್ತಿದ್ದಳು. ಮೂವತ್ತೊಂಬತ್ತು ವರ್ಷಗಳಲ್ಲಿ ನಲವತ್ತೊಂದು ಪುಸ್ತಕ ತುಂಬಿಸಿದ್ದಳು. ಒಬ್ಬೊಬ್ಬರಿಗೆ ಒಂದು ಪುಟ. ಬಾಗಿಲು ಮೂಡಿದ ದಿನ, ದಾರದಲ್ಲಿ ಅಳೆದ ಎತ್ತರ, ಯಾವ ಗಂಟೆಗೆ ಎಷ್ಟು ಚಮಚ ಎಣ್ಣೆ. ಪುಟದ ಕೆಳಗೆ, ಮಲಗಿದವರಿಗೆ ಬೇಕಾದದ್ದು, ಅವರದೇ ಮಾತಿನಲ್ಲಿ. ಕಾಟು ಇಲ್ಲ, ಚಿತ್ತು ಇಲ್ಲ. ಹಾಳೆ ಖಾಲಿ ಬಿಟ್ಟದ್ದಂತೂ ಇಲ್ಲವೇ ಇಲ್ಲ.

ಅವಳ ಗಂಡ ಊರಿನ ಗಂಟೆಯವರು. ಎಣ್ಣೆಮನೆಯ ಮುಂದಿನ ಕಂಬದ ಗಂಟೆಯನ್ನು ದಿನಕ್ಕೆ ಆರು ಸಲ ಬಾರಿಸುವುದು ಅವರ ಕೆಲಸ. ಆ ಸದ್ದಿಗೇ ಊರಿನ ಎಲ್ಲ ಕೀಲುಗಳಿಗೂ ಎಣ್ಣೆ ಬೀಳುವುದು. ನಲವತ್ತಾರು ವರ್ಷದ ಸಂಸಾರ. ಅವರು ಹೆಂಡತಿಯನ್ನು ಕೂಗುತ್ತಿದ್ದದ್ದು 'ಪದವೀಧರೆ' ಎಂದು.

ಒಂದು ಬೆಳಗ್ಗೆ ಎಣ್ಣೆಮನೆಯ ಜಗಲಿಗೆ ಗಾರೆಯ ವೈದ್ಯನೊಬ್ಬ ಬಂದು ನಿಂತ. ಸೊಂಟದಲ್ಲಿ ಗಾರೆ ಮೆತ್ತುವ ಕರಣೆ, ಉಗುರಿನಲ್ಲಿ ಸುಣ್ಣ, ಕಣ್ಣಿನಲ್ಲಿ ನಿದ್ದೆಗೆಟ್ಟ ಕೆಂಪು.

"ಕೆಲಸ ಕಲೀಬೇಕು ಅಮ್ಮ," ಅಂದ.

"ಗಾರೆಯವರಿಗೆ ನಮ್ಮ ಹತ್ತಿರ ಏನು ಕೆಲಸ? ಊರೆಲ್ಲ ನಿಮಗೆ ಎದ್ದು ನಿಲ್ಲುತ್ತೆ. ನಾವು ಬಂದರೆ ಬಾಗಿಲು ಹಾಕ್ಕೋತಾರೆ."

"ಹೋದ ತಿಂಗಳು ಒಂದೇ ಬಾಗಿಲಿಗೆ ಹನ್ನೊಂದು ಸಲ ಮೆತ್ತಿದೆ. ಹನ್ನೊಂದನೇ ಸಲ ಮಂಚದ ಮೇಲಿದ್ದವರು ತಲೆ ಮೇಲಿನ ಸುಣ್ಣ ಒರೆಸಿಕೊಂಡು, 'ನಿಮ್ಮ ಕೈ ನೋಯ್ತಾ ಇಲ್ಲವಾ ವೈದ್ಯರೇ?' ಅಂತ ಕೇಳಿದರು. ಅಷ್ಟು ದಿನದಲ್ಲಿ ನಾನು ಅವರನ್ನು ಒಂದು ಸಲವೂ ಹಾಗೆ ಕೇಳಿರಲಿಲ್ಲ."

ಎಣ್ಣೆಯಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಕರಣೆ ಹೊರಗಿಡಿ."

"ಇದು ನನ್ನ ಗುರುಗಳು ಕೊಟ್ಟದ್ದು."

"ಗುರುಗಳಿಗೆ ನನ್ನ ನಮಸ್ಕಾರ ಹೇಳಿ. ಕರಣೆ ಹೊರಗಿಡಿ."

ಕರಣೆ ಜಗಲಿಯ ಗೂಟಕ್ಕೆ ಹೋಯಿತು. ಅವಳು ಅವನ ಕೈಗೆ ಒಂದು ಮರದ ಮಣೆ ಕೊಟ್ಟಳು. ಗೇಣಿಗಿಂತ ತಗ್ಗಿನ ಮಣೆ.

"ನಮ್ಮ ವಿದ್ಯೆ ಇಷ್ಟೇ. ಕೈ ಖಾಲಿ ಇರಲಿ, ಮಣೆ ತಗ್ಗಿರಲಿ, ಕಿವಿ ತೆರೆದಿರಲಿ. ಹೋಗಿ ಕೂತ್ಕೊಳ್ಳಿ. 'ನಿಮಗೇನು ಬೇಕು' ಅಂತ ಕೇಳಿ. ಕೇಳಿದ ಮೇಲೆ ಬಾಯಿ ಮುಚ್ಚಿ."

"ಆಮೇಲೆ?"

"ಆಮೇಲೂ ಬಾಯಿ ಮುಚ್ಚಿ. ಅದೇ ಕಷ್ಟದ್ದು."

ಅವಳು ಅವನನ್ನು ಮೊದಲು ಕರೆದುಕೊಂಡು ಹೋದದ್ದು ಮೇಕೆಯಜ್ಜಿಯ ಮನೆಗೆ. ಅಜ್ಜಿಯ ಬಾಗಿಲು ಆಗಲೇ ಸೊಂಟ ದಾಟಿತ್ತು. ಆದರೆ ಆ ಮನೆಯವರು ಅದರ ಮುಂದೆ ಹಲಸಿನೆಲೆಯ ದಪ್ಪ ಪರದೆ ಹೆಣೆದು ಇಳಿಬಿಟ್ಟಿದ್ದರು. 'ಕೋಣೆ ತಂಪಾಗಿರಲಿ ಅಂತ' ಎಂದು ಮಗ ಹೇಳಿದ. 'ಚೆಂದಕ್ಕೆ' ಎಂದು ಸೊಸೆ ಹೇಳಿದಳು. ಪರದೆಯ ಹಿಂದಿನಿಂದ ಕಿರ್ ಎಂದಾಗ ಇಬ್ಬರೂ ಒಟ್ಟಿಗೆ ಕೆಮ್ಮುತ್ತಿದ್ದರು. ಅಜ್ಜಿಗೆ ತಿಳಿಯಬಾರದೆಂದು ಮನೆಯವರು, ತನಗೆ ತಿಳಿದದ್ದು ಮನೆಯವರಿಗೆ ತಿಳಿಯಬಾರದೆಂದು ಅಜ್ಜಿ. ಹೀಗೆ ಆ ಮನೆಯಲ್ಲಿ ಹದಿನೆಂಟು ದಿನಗಳಿಂದ ಎಲ್ಲರೂ ಹವೆಯ ಬಗ್ಗೆ ಮಾತ್ರ ಮಾತಾಡುತ್ತಿದ್ದರು.

ಗಾರೆಯ ವೈದ್ಯ ಮಣೆ ಹಾಕಿ ಕೂತ. ಕೈ ಎಲ್ಲಿಡಬೇಕೆಂದು ತಿಳಿಯದೆ ಮಂಡಿಯ ಮೇಲಿಟ್ಟುಕೊಂಡ.

"ಅಜ್ಜಿ, ನಿಮಗೇನು ಬೇಕು?"

ವೈದ್ಯನ ತುಟಿ ಎರಡು ಸಲ ಅಲುಗಿತು; ಎರಡು ಸಲವೂ ಎಣ್ಣೆಯಮ್ಮ ಹಿಂದಿನಿಂದ ಅವನ ಭುಜ ಒತ್ತಿದಳು.

"ನನ್ನ ಮೇಕೆ ಒಳಗೆ ಬರಲಿ," ಅಂದಳು ಅಜ್ಜಿ ಕೊನೆಗೆ.

"ಮೇಕೆಯಾ! ಕಾಯಿಲೆ ಕೋಣೆಗಾ?" ಅಂದ ಮಗ.

"ಕೇಳಿದ್ದು ಅವರನ್ನ, ನಿಮ್ಮನ್ನಲ್ಲ," ಅಂದಳು ಎಣ್ಣೆಯಮ್ಮ.

ಮೇಕೆ ಬಂತು. ಅಜ್ಜಿಯ ಅಂಗೈ ಮೂಸಿತು, ಮಂಚಕ್ಕೆ ಮೈ ಉಜ್ಜಿತು. ಆಮೇಲೆ ತಲೆಯೆತ್ತಿ ಗೋಡೆ ನೋಡಿತು. ಹಲಸಿನೆಲೆ! ಮನೆಯವರು ಹಿಡಿಯುವುದರೊಳಗೆ ಪರದೆಯ ಕೆಳಗಿನ ಅರ್ಧ ಹೊಟ್ಟೆ ಸೇರಿತ್ತು. ಉಳಿದರ್ಧವನ್ನು ಹಿಂಗಾಲಲ್ಲಿ ನಿಂತು ತಿಂದಿತು. ಬಾಗಿಲು ಎಲ್ಲರ ಮುಂದೆ ಬತ್ತಲಾಗಿ ನಿಂತಿತ್ತು, ಅದರ ಹೊಸಿಲ ಮೇಲೆ ಮೇಕೆ ಕೂತು ಮೆಲುಕು ಹಾಕುತ್ತಿತ್ತು. ಮೊದಲು ನಕ್ಕವಳು ಅಜ್ಜಿ.

"ಅಯ್ಯೋ, ನಾನೂ ಎಷ್ಟು ದಿನ ಅಂತ ಆ ಎಲೆ ನೋಡಲಿ! ಅದರ ಹಿಂದೆ ಏನಿದೆ ಅಂತ ನನಗೇ ಗೊತ್ತಿಲ್ಲವೇನೋ, ಬಾಗಿಲು ನನ್ನದಲ್ಲವೇನೋ?"

ಮಗ ನಗುತ್ತ ನಗುತ್ತ ಅತ್ತ. ಸೊಸೆ ಬಂದು ಅಜ್ಜಿಯ ಕಾಲ ಬಳಿ ಕೂತಳು. ಆ ಮನೆಯಲ್ಲಿ ಮಾತು ಶುರುವಾಯಿತು. ಹವೆಯ ಬಗ್ಗೆ ಅಲ್ಲ.

ದಾರಿಯಲ್ಲಿ ಗಾರೆಯ ವೈದ್ಯ ಕೇಳಿದ. "ಇಷ್ಟು ಎಣ್ಣೆ ಹಾಕ್ತೀರಲ್ಲ ಅಮ್ಮ, ಬಾಗಿಲು ಬೇಗ ತೆರೆದುಬಿಟ್ಟರೆ? ನಮ್ಮವರು ಹೆದರುವುದು ಅದಕ್ಕೇ."

"ಎಣ್ಣೆ ಬಾಗಿಲು ತೆರೆಯೋದಿಲ್ಲ, ಸದ್ದು ನಿಲ್ಲಿಸುತ್ತೆ. ಹದ ನೋಡಿ ಹಾಕಬೇಕು, ದಿನಾ ಅಳೆದು ಹಾಕಬೇಕು. ನಲವತ್ತೊಂದು ಪುಸ್ತಕ ಇದೆ, ದಾರದ ಅಳತೆ ಸಮೇತ. ಎಣ್ಣೆ ಬಿದ್ದದ್ದಕ್ಕೆ ಒಂದು ಬೆರಳು ಹೆಚ್ಚು ಬೆಳೆದ ಬಾಗಿಲು ತೋರಿಸಿ, ನಾನು ಪದವಿ ವಾಪಸು ಕೊಡ್ತೀನಿ."

"ಕಿರುಗುಟ್ಟಿದ ಮೇಲೆ ಹಾಕಿದರೆ ಸಾಲದೇ? ಗಂಟೆ ಬಾರಿಸಿದಾಗಲೆಲ್ಲ ಯಾಕೆ?"

"ಮನೆಗೆ ಬೆಂಕಿ ಬಿದ್ದಮೇಲೆ ಬಾವಿ ತೋಡ್ತೀರಾ? ಕಿರುಗುಟ್ಟುವ ಮೊದಲೇ ಗಂಟೆ ಬಾರಿಸಬೇಕು. ನಡುವೆ ಕಿರ್ ಅಂದರೆ ಇನ್ನೊಂದು ಚಮಚ, ಅದಕ್ಕೆ ಗಂಟೆ ಕಾಯಬೇಡಿ." ಅವಳು ನಿಂತು ಬೆರಳೆತ್ತಿದಳು. "ಇನ್ನೊಂದು. ಊಟ ಬೇಡ ಅಂದವರ ಬಾಯಿಗೆ ತುರುಕಬೇಡಿ. ಹಸಿವಿಲ್ಲದವರಿಗೆ ಉಣಿಸುವುದು ನಮ್ಮ ಹಸಿವಿಗೆ. ತುಟಿ ಒಣಗಿದರೆ ಒದ್ದೆ ಹತ್ತಿ ಸಾಕು."

"ಮೂರು ಕೀಲು ಯಾಕೆ ಅಮ್ಮ?"

"ಮೇಲಿನದು ಮೈಯದು; ಅದಕ್ಕೆ ನಮ್ಮ ಎಣ್ಣೆ. ನಡುವಿನದು ಮನೆಯವರದು, ಅದಕ್ಕೆ ಅವರ ಕೈಯಿಂದಲೇ ಎಣ್ಣೆ ಹಾಕಿಸಬೇಕು, ಇಲ್ಲದಿದ್ದರೆ ಅವರೂ ಕಿರುಗುಟ್ಟುತ್ತಾರೆ. ಕೆಳಗಿನದು ಹೇಳದೆ ಉಳಿದ ಮಾತಿನದು. ಅದಕ್ಕೆ ಕೊಪ್ಪರಿಗೆ ಸುರಿದರೂ ಎಣ್ಣೆ ಹಿಡಿಯುವುದಿಲ್ಲ. ಕೇಳಬೇಕು. ಅದಕ್ಕೇ ಮಣೆ."

ಇದನ್ನು ಹೇಳುವಾಗ ಅವಳ ಕುತ್ತಿಗೆ ಸ್ವಲ್ಪ ನೀಳವಾಯಿತು. ತನಗೆ ಗೊತ್ತಿರುವುದನ್ನು ಇನ್ನೊಬ್ಬರಿಗೆ ಹೇಳುವಾಗ ಅವಳ ಕುತ್ತಿಗೆ ಯಾವಾಗಲೂ ನೀಳವಾಗುತ್ತಿತ್ತು.

ಎಂಟು ದಿನ ಕಳೆಯಿತು. ಒಂಬತ್ತನೆಯ ದಿನದ ಮೊದಲ ಗಂಟೆ ಕೇಳಲಿಲ್ಲ. ಎಣ್ಣೆಯಮ್ಮ ಒಳಗೆ ಹೋಗಿ ನೋಡಿದಳು. ಗಂಟೆಯವರು ಮಂಚದ ಮೇಲೆಯೇ ಇದ್ದರು. ಅವರ ಮುಂದಿನ ಗೋಡೆಯಲ್ಲಿ ಬಾಗಿಲು ಮೂಡಿತ್ತು. ಗೇಣುದ್ದವಲ್ಲ. ಮೂಡುವಾಗಲೇ ಸೊಂಟದ ಎತ್ತರ.

"ನೋಡು ಪದವೀಧರೆ," ಅಂದರು ಗಂಟೆಯವರು, "ಈ ಮನೆಯಲ್ಲಿ ಒಂದು ಬಾಗಿಲಾದರೂ ನನ್ನ ಹೆಸರಿಗೆ ಆಯಿತು."

ಅವಳು ನಗಲಿಲ್ಲ. ಹೊರಗೆ ಹೋಗಿ ಗಾರೆಯ ವೈದ್ಯನಿಗೆ, "ಇನ್ನು ಮೇಲೆ ಗಂಟೆ ನೀವು ಬಾರಿಸಿ," ಅಂದಳು. ದಾರ ತಂದಳು, ಅಳೆದಳು. ಎಣ್ಣೆ ತಂದಳು, ಮೇಲಿನ ಕೀಲಿಗೆ ಹಾಕಿದಳು. ಮಕ್ಕಳು ಮೊಮ್ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅವರ ಕೈಯಿಂದ ನಡುವಿನ ಕೀಲಿಗೆ ಹಾಕಿಸಿದಳು. ಹೊಸಿಲು ತೊಳೆದು, ಅರಿಸಿನ ಕುಂಕುಮವಿಟ್ಟು, ಎಳೆ ರಂಗೋಲಿ ಬಿಟ್ಟಳು. ಆಮೇಲೆ ನಲವತ್ತೆರಡನೆಯ ಪುಸ್ತಕ ತೆರೆದು, ಅಡುಗೆಮನೆಯಲ್ಲಿ ನಿಂತುಕೊಂಡೇ, ಪುಟದ ಕೆಳಗೆ ಬರೆದಳು:

'ಬೇಕಾದದ್ದು: ಗದ್ದಲ ಬೇಡ. ತಿಳಿಸಾರು ಅನ್ನ. ಹಾಗಲಕಾಯಿ ಗೊಜ್ಜು. ದಿಂಬು ಎತ್ತರ. ಮೂಡಲ ಕಿಟಕಿ ತೆರೆದಿರಲಿ.'

ಗುಂಡು ಗುಂಡಾದ ಅಕ್ಷರ. ಕಾಟಿಲ್ಲ, ಚಿತ್ತಿಲ್ಲ. ನಲವತ್ತಾರು ವರ್ಷ ಒಟ್ಟಿಗಿದ್ದವಳಿಗೆ ಇದನ್ನು ಕೇಳಿ ಬರೆಯಬೇಕೇ?

ಎರಡು ದಿನ ಎಲ್ಲವೂ ಬರೆದಂತೆ ನಡೆಯಿತು. ಮೇಲಿನ ಕೀಲು ಸುಮ್ಮನಿತ್ತು, ನಡುವಿನ ಕೀಲು ಸುಮ್ಮನಿತ್ತು. ಮೂರನೆಯ ಕೀಲು ಕಿರುಗುಟ್ಟತೊಡಗಿತು. ಮೊದಲು ಜೀರುಂಡೆಯಂತೆ, ಆಮೇಲೆ ಹಳೆಯ ಗಾಣದಂತೆ. ಗಂಟೆಯವರು ತುಟಿ ಕಚ್ಚಿ ಮಗ್ಗುಲಾಗುತ್ತಿದ್ದರು. ಅವಳು ಎಣ್ಣೆ ಹಾಕಿದಳು. ಎಣ್ಣೆ ಕೀಲಿಗೆ ಇಳಿಯದೆ ಗೋಡೆಗುಂಟ ಜಾರಿತು. ಬೇರೆ ಗಾಣದ ಎಣ್ಣೆ ತರಿಸಿದಳು. ಬಿಸಿ ಮಾಡಿ ಹಾಕಿದಳು. ಎಣ್ಣೆಮನೆಯ ಹೆಂಗಸರನ್ನು ಗದರಿದಳು, ದಿಂಬು ಏರಿಸಿದಳು, ಗೊಜ್ಜಿಗೆ ಇನ್ನಷ್ಟು ಬೆಲ್ಲ ಹಾಕಿದಳು. ಕೀಲು ಕಿರುಗುಟ್ಟುತ್ತಲೇ ಇತ್ತು. ಅಳತೆಯ ದಾರ ಈಗ ಎದೆಯ ಹತ್ತಿರ ಬಂದಿತ್ತು.

ಗಾರೆಯ ವೈದ್ಯ ಒಮ್ಮೆ ಮೆಲ್ಲಗೆ ಕೇಳಿದ. "ಅಮ್ಮ, ಮೂರನೆಯದಕ್ಕೆ..."

"ಅದು ಬೇರೆಯವರ ಮನೆಗೆ. ಇವರ ಹೊಟ್ಟೆಯಲ್ಲಿ ನನಗೆ ಗೊತ್ತಿಲ್ಲದ್ದು ಏನಿದೆ? ಪುಟ ನೋಡಿ, ಎಲ್ಲ ಬರೆದಿದ್ದೇನೆ."

ಅವನು ಪುಟ ನೋಡಿದ. ಮತ್ತೊಮ್ಮೆ ನೋಡಿದ. ಹಿಂದಿನ ಪುಸ್ತಕಗಳನ್ನು ಅವನು ಓದಿದ್ದ. ಅಲ್ಲಿ ಒಬ್ಬರು, 'ಸಾಯೋ ಮುಂಚೆ ನಮ್ಮಣ್ಣನ್ನ ಒಂದ್ಸಲ ಚೆನ್ನಾಗಿ ಬೈಬೇಕು' ಎಂದಿದ್ದರು. ಇನ್ನೊಬ್ಬರು, 'ಕಾಲು ಕಿಟಕಿ ಕಡೆ ಹಾಕ್ಕೊಂಡು ಮಲಗ್ತೀನಿ, ಯಾರೂ ಶಾಸ್ತ್ರ ಹೇಳಬೇಡಿ' ಎಂದಿದ್ದರು. ಒಂದೊಂದು ಪುಟವೂ ಒಬ್ಬೊಬ್ಬರ ಗಂಟಲು. ಈ ಪುಟದಲ್ಲಿ ಮಾತ್ರ ಯಾರ ದನಿಯೂ ಇರಲಿಲ್ಲ, ಅಕ್ಷರ ಮಾತ್ರ ಇತ್ತು. ಅವನು ಏನೂ ಹೇಳದೆ ಪುಸ್ತಕ ಮುಚ್ಚಿ ಗಂಟೆ ಬಾರಿಸಲು ಹೋದ.

ನಾಲ್ಕನೆಯ ದಿನ ನಡುಹಗಲಿನ ಗಂಟೆ ಬಾರಿಸಿ ಹಿಂದಿರುಗಿದಾಗ ಜಗಲಿಯ ಗೂಟದಲ್ಲಿ ಕರಣೆ ಇರಲಿಲ್ಲ.

ಹಜಾರದುದ್ದಕ್ಕೂ ಬಿಳಿಯ ಹನಿಗಳು ಬಿದ್ದಿದ್ದವು. ಅವನು ಹನಿಗಳ ಹಿಂದೆ ಹೋದ. ಗಂಟೆಯವರು ಕಣ್ಣು ಮುಚ್ಚಿ ಮಲಗಿದ್ದರು. ಎಣ್ಣೆಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಬೋಗುಣಿ ಗಾರೆ ಹಿಡಿದು, ಎದೆಯೆತ್ತರದ ಬಾಗಿಲಿಗೆ ಮೆತ್ತುತ್ತಿದ್ದಳು. ಮೆತ್ತಿದ್ದು ಮೆತ್ತಿದ ಹಾಗೇ ಉದುರುತ್ತಿತ್ತು. ಉದುರಿದ್ದನ್ನು ಬಳಿದು ಮತ್ತೆ ಮೆತ್ತುತ್ತಿದ್ದಳು. ಮೂವತ್ತೊಂಬತ್ತು ವರ್ಷ ಎಣ್ಣೆ ಹಿಡಿದ ಕೈಗೆ ಕರಣೆ ಹಿಡಿಯಲು ಬರುತ್ತಿರಲಿಲ್ಲ.

ಗಾರೆಯ ವೈದ್ಯನಿಗೆ ಮೊದಲು ಬಂದ ಆಸೆ, ಅದನ್ನು ಸರಿಯಾಗಿ ಹಿಡಿಯುವುದು ಹೇಗೆಂದು ತೋರಿಸುವುದು. ಅದನ್ನು ಅವನು ನುಂಗಿಕೊಂಡ. ಮೂಲೆಯಿಂದ ಮಣೆ ತಂದ, ಅವಳ ಕಾಲ ಬಳಿ ಹಾಕಿದ, ಕೂತ. ಕೈ ಖಾಲಿ. ಮಣೆ ತಗ್ಗು. ಕಿವಿ ತೆರೆದಿತ್ತು.

"ಅಮ್ಮ, ನಿಮಗೇನು ಬೇಕು?"

ಕರಣೆ ಗಾಳಿಯಲ್ಲೇ ನಿಂತಿತು. "ನನ್ನ ಪಾಠ ನನಗೇ ಒಪ್ಪಿಸ್ತೀರಾ? ಬಾಗಿಲು ನಂದಲ್ಲ. ಹೋಗಿ ಗಂಟೆ ಬಾರಿಸಿ."

ಅವನು ಏಳಲಿಲ್ಲ.

"ಗಾರೆ ಕಲಸಿದ್ದು ನೀರಾಯ್ತು, ಅಷ್ಟೇ. ಮರಳು ಸರಿಯಿಲ್ಲ."

ಅವನು ಬಾಯಿ ತೆರೆಯಲಿಲ್ಲ. ಗೋಡೆಯಿಂದ ಒಂದು ಹಿಡಿ ಗಾರೆ ಪೊತ್ತೆಂದು ಬಿತ್ತು.

ಎಣ್ಣೆಯಮ್ಮ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತಳು. ಮಣೆಗಿಂತಲೂ ತಗ್ಗಾಗಿ. "ಆ ಪುಟ ನಾನೇ ಬರೆದದ್ದು," ಅಂದಳು. "ಕೇಳಲಿಲ್ಲ. ಕೇಳಿದರೆ ಉತ್ತರ ಹೇಳ್ತಾರೆ. ಉತ್ತರ ಹೇಳಿದರೆ ಬಾಗಿಲು ನಿಜ ಆಗಿಬಿಡುತ್ತೆ." ಕೈಯ ಸುಣ್ಣ ಒರೆಸಿಕೊಳ್ಳುತ್ತ ಅಂದಳು, "ಎಲ್ಲರ ಮನೆಗೂ ಹೋಗಿ ಎಲೆ ಪರದೆ ಕಿತ್ತು ಹಾಕಿಸಿದೆ. ನನ್ನ ಪರದೆ ಕಾಗದದ್ದು."

"ಅದನ್ನೂ ಮೇಕೆ ತಿನ್ನುತ್ತೆ," ಅಂದಿತು ಮಂಚದ ಮೇಲಿನ ದನಿ.

ಇಬ್ಬರೂ ತಲೆಯೆತ್ತಿದರು. ಗಂಟೆಯವರು ಒಂದು ಕಣ್ಣು ತೆರೆದಿದ್ದರು. ಹುಬ್ಬಿನ ಮೇಲೆ ಸುಣ್ಣ ಬಿದ್ದಿತ್ತು.

"ಎಷ್ಟು ಹೊತ್ತಿಂದ ಎಚ್ಚರವಾಗಿದ್ದೀರಿ?"

"ಮೊದಲನೆ ಮುದ್ದೆ ಗಾರೆ ಮೂಗಿನ ಮೇಲೆ ಬಿದ್ದಾಗಿಂದ. ಹಿತ್ತಲ ಗಿಡ ಮದ್ದಲ್ಲ ಅಂತಾರೆ. ನಿನ್ನ ಪಾಲಿಗೆ ಹಿತ್ತಲ ಗಿಡ ರೋಗಿಯೂ ಅಲ್ಲ. ನಾಲ್ಕು ದಿನದಿಂದ ಕಾಯ್ತಾ ಇದೀನಿ ಕಣೇ, ಮಣೆ ತಗೊಂಡು ಬರ್ತೀಯ ಅಂತ. ಊರಿನವರನ್ನೆಲ್ಲ ಕೇಳಿದೆ. ನನ್ನನ್ನೂ ಒಂದ್ಸಲ ಕೇಳು."

ಎಣ್ಣೆಯಮ್ಮ ಎದ್ದಳು. ಕೈ ತೊಳೆದುಕೊಂಡು ಬಂದಳು. ಗಾರೆಯ ವೈದ್ಯ ಮಣೆ ಬಿಟ್ಟುಕೊಟ್ಟ. ಅವಳು ಕೂತಳು. ಸಾವಿರ ಸಲ ಕೇಳಿದ ಪ್ರಶ್ನೆ ಈಗ ಗಂಟಲಿನಲ್ಲಿ ಹೊಸದಾಗಿ ಚಿಗುರಬೇಕಾಯಿತು.

"ಏನ್ರೀ... ನಿಮಗೇನು ಬೇಕು?"

"ಮೊದಲನೇದು, ಹಾಗಲಕಾಯಿ ಗೊಜ್ಜು ಬೇಡ."

"ನಲವತ್ತಾರು ವರ್ಷ ತಿಂದಿರಲ್ರೀ!"

"ಬಡಿಸಿದ್ದೆಯಲ್ಲ!"

ಗಾರೆಯ ವೈದ್ಯ ಗೋಡೆಯ ಕಡೆ ತಿರುಗಿ ನಿಂತ. ಅವನ ಭುಜಗಳು ಕುಲುಕುತ್ತಿದ್ದವು.

"ಎರಡನೇದು," ಅಂದರು ಗಂಟೆಯವರು, ದನಿ ತಗ್ಗಿಸಿ, "ಒಂದು ಆಟ ಚೌಕಾಬಾರ. ನಿಜವಾದ ಆಟ."

ಆ ಮನೆಯಲ್ಲಿ ವಾರಕ್ಕೊಂದು ಮಧ್ಯಾಹ್ನ ಗಂಡ ಹೆಂಡತಿ ಚೌಕಾಬಾರ ಆಡುತ್ತಿದ್ದರು. ಐದು ಮನೆ ಉದ್ದ, ಐದು ಮನೆ ಅಗಲ, ನಾಲ್ಕು ಕವಡೆ. ಅವಳದು ಬಳೆಚೂರು, ಅವರದು ಹುಣಸೆಬೀಜ, ನಾಲ್ಕು ನಾಲ್ಕು ಕಾಯಿ. ಹೊರಸುತ್ತು ಮುಗಿಸಿ, ಒಳಸುತ್ತು ತಿರುಗಿ, ನಟ್ಟನಡುವಿನ ಮನೆ ಸೇರಿದ ಕಾಯಿ ಹಣ್ಣಾಗುತ್ತದೆ. ಆದರೆ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಇದು ಚೌಕಾಬಾರದ ಕಟ್ಟು. ಆ ಆಟಗಳ ದಾಖಲೆಯೂ ಎಣ್ಣೆಯಮ್ಮನ ಬಳಿ ಇತ್ತು: ಎರಡು ಸಾವಿರದ ಮುನ್ನೂರ ನಲವತ್ತು ಆಟ. ಗೆದ್ದವಳು: ನಾನು, ನಾನು, ನಾನು. ಪಾಪ, ಅವರಿಗೆ ಕವಡೆ ಒಲಿಯುವುದಿಲ್ಲ ಎಂದು ಅವಳು ನೆರೆಹೊರೆಯಲ್ಲೆಲ್ಲ ಹೇಳಿಕೊಂಡಿದ್ದಳು.

"ನಿಜವಾದದ್ದು ಅಂದರೆ? ಇಷ್ಟು ದಿನ ಆಡಿದ್ದು?"

"ಮದುವೆಯಾದ ಹೊಸದರಲ್ಲಿ ಮೊದಲನೆ ಆಟದಲ್ಲಿ ನಿನ್ನ ಕಾಯಿ ಕಡಿದೆ. ನೆನಪಿದೆಯಾ? ನೀನು ಹಾಸು ಮಗುಚಿ ಹಾಕಿ ಮೂರು ದಿನ ಮಾತು ಬಿಟ್ಟೆ. ಆವತ್ತೇ ತೀರ್ಮಾನ ಮಾಡಿದೆ, ಇವಳ ಕಾಯಿ ಕಡಿಯೋದಿಲ್ಲ ಅಂತ. ಕಡಿಯೋ ಗರ ಬಿದ್ದಾಗಲೆಲ್ಲ ಬೇರೆ ಕಾಯಿ ನಡೆಸಿದೆ. ಹೊರಸುತ್ತಿನಲ್ಲೇ ತಿರುಗಿದೆ ಕಣೇ, ನಲವತ್ತಾರು ವರ್ಷ. ನನ್ನ ಒಂದು ಕಾಯಿ ಹಣ್ಣಾಗೋದನ್ನ ನಾನು ನೋಡಿಲ್ಲ. ಅದನ್ನು ನೋಡಿ ಹೋಗಬೇಕು. ನೀನೂ ಬಿಟ್ಟುಕೊಡಬಾರದು, ನಾನೂ ಬಿಟ್ಟುಕೊಡೋದಿಲ್ಲ."

ಎರಡು ಸಾವಿರದ ಮುನ್ನೂರ ನಲವತ್ತು ಸಾಲುಗಳು, ಅಷ್ಟು ಜೋಪಾನವಾಗಿ ಬರೆದವು, ಎಣ್ಣೆಯಮ್ಮನ ಕಣ್ಣ ಮುಂದೆ ಒಂದೊಂದಾಗಿ ತಿರುಗಿ ಬಿದ್ದವು. ಆಮೇಲೆ ಪುಸ್ತಕ ತರಿಸಿ, ಗುಂಡಕ್ಷರದ ಸಾಲುಗಳ ಮೇಲೆ ಅಡ್ಡಗೀಟು ಎಳೆದಳು. ನಲವತ್ತೆರಡು ಪುಸ್ತಕಗಳಲ್ಲಿ ಅದೊಂದೇ ಕಾಟು. ಕೆಳಗೆ ಬರೆದಳು: 'ಗೊಜ್ಜು ಬೇಡ. ಒಂದು ನಿಜವಾದ ಆಟ.'

ಬರೆದು ಮುಗಿಸಿದಾಗ ಮೂರನೆಯ ಕೀಲಿನ ಗಾಣ ಜೀರುಂಡೆಯಾಗಿತ್ತು.

ಸೀಮೆಸುಣ್ಣ ಬಂತು. ಹಾಸು ಬರೆಯಲು ಬೇರೆ ಹಲಗೆ ಸಿಗಲಿಲ್ಲ. ಎಣ್ಣೆಯಮ್ಮ ತಾನು ಕೂತಿದ್ದ ಮಣೆಯನ್ನೇ ಎತ್ತಿ, ಮಂಚದ ಮೇಲಿಟ್ಟು, ಅದರ ಮೇಲೆ ಐದೈದು ಮನೆ ಬರೆದಳು. ಕೂರಲು ಮಣೆ ಉಳಿಯಲಿಲ್ಲ. ಮೂವತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ಅವಳು ಮಲಗಿದವರ ಮಂಚದ ಮೇಲೆ ಅವರಿಗೆ ಸಮನಾಗಿ ಕಾಲು ಮಡಚಿ ಕೂತಳು.

ಕವಡೆ ಉರುಳಿತು. ಅವಳು ಚೌಕ ಹಾಕಿದಳು, ನಾಲ್ಕು ಮನೆ; ಮತ್ತೆ ಎಸೆದಳು, ಅವರ ಬೀಜವೊಂದನ್ನು ಕಡಿದಳು. "ಆಹಾ!" ಅಂದಳು. ಅವರು ಬಾರ ಹಾಕಿದರು; ನಾಲ್ಕೂ ಕವಡೆ ಬೋರಲು, ಎಂಟು ಮನೆ. ಎಂಟನೆಯ ಮನೆಯಲ್ಲಿ ಅವಳ ಹಸಿರು ಬಳೆಚೂರು ಕೂತಿತ್ತು.

ಗಂಟೆಯವರು ಅವಳ ಮುಖ ನೋಡಿದರು. ಆಮೇಲೆ ಬೆರಳಿನಿಂದ ಬಳೆಚೂರನ್ನು ಹಾಸಿನಾಚೆಗೆ ಚಿಮ್ಮಿದರು. "ಕಡಿದೆ!"

ಆ ದನಿ ಕಂಬದ ಗಂಟೆಯಷ್ಟು ದೂರ ಕೇಳಿತು. ಎಣ್ಣೆಯಮ್ಮನ ಮೂಗು ಕೆಂಪಗಾಯಿತು. ನಲವತ್ತಾರು ವರ್ಷದ ಹಿಂದಿನ ಸಿಟ್ಟು, ಒಂದು ಎಳೆಯೂ ಹಳೆಯದಾಗದೆ, ಎದ್ದು ಬಂತು. ಅವಳ ಕೈ ಮಣೆಯ ಅಂಚಿನವರೆಗೆ ಹೋಯಿತು.

"ಮಗುಚು ನೋಡೋಣ," ಅಂದರು ಗಂಟೆಯವರು. "ಮೂರು ದಿನ ಮಾತು ಬಿಡೋಕೆ ನನ್ನ ಹತ್ತಿರ ಅಷ್ಟು ದಿನ ಇಲ್ಲ."

ಮೊದಲು ಅವಳ ಹೊಟ್ಟೆ ಕುಲುಕಿತು, ಆಮೇಲೆ ಮಂಚ ಕುಲುಕಿತು. ನಕ್ಕೂ ನಕ್ಕೂ ಅವಳ ಕಣ್ಣಲ್ಲಿ ನೀರು ಬಂತು. ಬಂದದ್ದು ಎಲ್ಲವೂ ನಗೆಯದಲ್ಲ, ಅದನ್ನು ಅವಳು ಬಚ್ಚಿಡಲೂ ಇಲ್ಲ. "ಆಡಿ," ಅಂದಳು, "ಎಸೀರಿ. ನಿಮ್ಮ ಹಣ್ಣು ನಾನೂ ನೋಡ್ತೀನಿ."

ಹುಣಸೆಬೀಜ ಒಳಸುತ್ತಿಗೆ ಇಳಿಯಿತು. ಅವಳು ಅದನ್ನು ಕಡಿಯಲು ಎರಡು ಸಲ ಪ್ರಯತ್ನಪಟ್ಟಳು, ನಿಜವಾಗಿ ಪ್ರಯತ್ನಪಟ್ಟಳು, ಗರ ಬೀಳಲಿಲ್ಲ. ಕೊನೆಗೆ ಅವರಿಗೆ ಎರಡು ಬೇಕಾಗಿತ್ತು. ಮೂರು ಬಿತ್ತು. ಒಂದು ಬಿತ್ತು, "ಅದನ್ನು ಬೇರೆ ಕಾಯಿಗೆ ನಡೆಸ್ತೀನಿ," ಅಂದರು. ಮತ್ತೆ ಮೂರು. ಗಾರೆಯ ವೈದ್ಯ ಗಂಟೆ ಬಾರಿಸಲು ಹೋಗಿ ಬಂದ, ಮೇಲಿನ ಕೀಲಿಗೆ ಎಣ್ಣೆ ಹಾಕಿದ, ಗಂಟೆಯವರ ತುಟಿಗೆ ಒದ್ದೆ ಹತ್ತಿ ಮುಟ್ಟಿಸಿದ. ಮತ್ತೆ ಕವಡೆ ಉರುಳಿತು. ಎರಡು ಮೇಲ್ಮುಖ, ಎರಡು ಬೋರಲು.

ಹುಣಸೆಬೀಜ ನಟ್ಟನಡುವಿನ ಮನೆಯಲ್ಲಿ ಕೂತಿತು.

"ಹಣ್ಣು," ಅಂದರು ಗಂಟೆಯವರು, ಮಗುವೊಂದಕ್ಕೆ ಹೆಸರಿಡುವ ಹಾಗೆ. ಮೂರನೆಯ ಕೀಲು ಆಗ ಪೂರ್ತಿ ಸುಮ್ಮನಾಯಿತು. ಅವರು ದಿಂಬು ತೆಗೆಸಿ, ತಗ್ಗಾಗಿ ಮಲಗಿ, ನಾಲ್ಕು ದಿನದ ನಿದ್ದೆಯನ್ನು ಒಂದೇ ಸಲ ಮಾಡಿದರು.

ಬಾಗಿಲು ಅವರೆತ್ತರಕ್ಕೆ ಬೆಳೆದದ್ದು ಅದಾದ ಆರನೆಯ ದಿನದ ಬೆಳಗ್ಗೆ. ಆ ಆರೂ ದಿನ ಮನೆಯಲ್ಲಿ ಗದ್ದಲವೋ ಗದ್ದಲ. ಯಾಕೆಂದರೆ ಗದ್ದಲವೂ ಅವರಿಗೆ ಬೇಕಾಗಿತ್ತು, ಅದನ್ನೂ ಯಾರೂ ಕೇಳಿರಲಿಲ್ಲ. ಮೊಮ್ಮಕ್ಕಳು ಮಂಚದ ಕೆಳಗೆ ಅಡಗುವ ಆಟ ಆಡಿದರು. ಮೇಕೆಯಜ್ಜಿಯ ಮೇಕೆ, ಅಜ್ಜಿಯ ಸೊಸೆಯ ಜೊತೆ, ಬಂದು ನೋಡಿಕೊಂಡು ಹೋಯಿತು. ಉಳಿದ ಆಟ ಮುಂದುವರಿಯಲಿಲ್ಲ. ಅವರಿಗೆ ಕವಡೆ ಹಿಡಿಯುವ ಶಕ್ತಿ ಇರಲಿಲ್ಲ. ಮಣೆಯನ್ನು ಹಾಗೆಯೇ ಕಿಟಕಿಯ ಮೇಲಿಟ್ಟಿದ್ದರು, ಕಾಯಿಗಳ ಸಮೇತ.

ಬಾಗಿಲು ತೆರೆಯಿತು. ಒಂದು ಎಲೆ ಮಗ್ಗುಲಾದಷ್ಟೂ ಸದ್ದಾಗಲಿಲ್ಲ. ಆಚೆಯಿಂದ ಆಗತಾನೇ ನೀರು ಚಿಮುಕಿಸಿದ ಅಂಗಳದ ವಾಸನೆ ಬಂತು. ಗಂಟೆಯವರು ಎದ್ದು, ರಂಗೋಲಿ ಅಳಿಸದ ಹಾಗೆ ಹೊಸಿಲ ಮೇಲೆ ಒಂದು ಕಾಲಿಟ್ಟು, ಹಿಂದಿರುಗಿ ನೋಡಿದರು.

"ಪದವೀಧರೆ, ಮಣೆ ಮುಟ್ಟಬೇಡ. ನನ್ನ ಮೂರು ಕಾಯಿ ಇನ್ನೂ ಇದೆ. ನೀನು ಮೋಸ ಮಾಡ್ತೀಯ."

"ನಾನಾ! ಮೋಸ ಮಾಡಿದ್ದು ಯಾರು, ನಲವತ್ತಾರು ವರ್ಷ?"

ಅವರು ನಗುತ್ತಲೇ ದಾಟಿದರು. ಬಾಗಿಲು ಮುಚ್ಚಿತು, ಗೋಡೆ ಗೋಡೆಯಾಯಿತು. ನೆಲದ ಮೇಲೆ ರಂಗೋಲಿ ಉಳಿಯಿತು.

ಹದಿಮೂರು ದಿನ ಎಣ್ಣೆಯವರು ಎಣ್ಣೆಯಮ್ಮನ ಮನೆಗೆ ಬಂದು, ಮಣೆ ಹಾಕಿ ಕೂತು, ನಿಮಗೇನು ಬೇಕು ಎಂದು ಕೇಳಿದರು. ಗೋಡೆಯ ಈಚೆ ಉಳಿದವರನ್ನೂ ಕೇಳಬೇಕೆಂಬುದು ಅವಳೇ ಮಾಡಿದ ಕಟ್ಟು. ಹನ್ನೆರಡು ದಿನ ಅವಳು ಏನೂ ಬೇಡ ಎಂದಳು. ಹದಿಮೂರನೆಯ ದಿನ ಕಿಟಕಿಯ ಮೇಲಿಂದ ಮಣೆ ಇಳಿಸಿ ತಂದು ಗಾರೆಯ ವೈದ್ಯನ ಮುಂದಿಟ್ಟಳು.

"ಈ ಆಟ ಮುಗಿಸಬೇಕು. ಅವರ ಮೂರು ಕಾಯಿ ನೀವು ನಡೆಸಿ. ಬಿಟ್ಟುಕೊಟ್ಟರೋ, ಎಣ್ಣೆಮನೆಯ ಜಗಲಿ ಇಳಿಸ್ತೀನಿ."

ಆಟ ಮಧ್ಯಾಹ್ನವೆಲ್ಲ ನಡೆಯಿತು. ಅವಳ ಎರಡು ಬಳೆಚೂರು ಹಣ್ಣಾದವು, ಅವನು ನಡೆಸಿದ ಒಂದು ಹುಣಸೆಬೀಜ ಹಣ್ಣಾಯಿತು. ಅವಳ ಮೂರನೆಯದು ನಟ್ಟನಡುವಿನ ಮನೆಗೆ ಒಂದೇ ಹೆಜ್ಜೆ ದೂರದಲ್ಲಿದ್ದಾಗ ಅವನಿಗೆ ಗರ ಬಿತ್ತು. ಅವನು ಎಣಿಸಿದ. ಮತ್ತೊಮ್ಮೆ ಎಣಿಸಿದ. ಅವಳ ಕುಂಕುಮವಿಲ್ಲದ ಹಣೆ ನೋಡಿದ, ಇನ್ನೊಂದು ಬೀಜದ ಕಡೆಗೆ ಮೆಲ್ಲಗೆ ಕೈ ಚಾಚಿದ.

"ಏನು ಯೋಚನೆ ಮಾಡ್ತಿದ್ದೀರಿ?" ಅಂದಳು ಅವಳು. "ನಿಮ್ಮಷ್ಟಕ್ಕೆ ನೀವೇ ನನ್ನ ಪುಟ ತುಂಬಿಸ್ತಾ ಇದೀರಾ?"

ಅವನ ಕೈ ನಿಂತಿತು. "ಅಮ್ಮ," ಅಂದ, "ಕಡಿಯಲಾ?"

"ಕಡೀರಿ."

ಅವನು ಕಡಿದ. ಸಂಜೆಯ ಗಂಟೆಗೆ ಮೊದಲೇ ಉಳಿದೆರಡು ಹುಣಸೆಬೀಜಗಳೂ ಹಣ್ಣಾದವು.

ಎಣ್ಣೆಯಮ್ಮನಿಗೆ ನಿಜವಾಗಿಯೂ ಸಿಟ್ಟು ಬಂತು. ಮೂರು ದಿನ ಅವನೊಂದಿಗೆ ಮಾತು ಬಿಟ್ಟಳು. ನಾಲ್ಕನೆಯ ದಿನ ಮೊದಲ ಗಂಟೆ ಬಾರಿಸಿದ ಮೇಲೆ, ಆಟದ ಪುಸ್ತಕ ತೆರೆದು, ಗುಂಡು ಗುಂಡಾದ ಅಕ್ಷರದಲ್ಲಿ ಬರೆದಳು: ಎರಡು ಸಾವಿರದ ಮುನ್ನೂರ ನಲವತ್ತೊಂದನೆಯ ಆಟ. ಗೆದ್ದವರು: ಅವರು.